ಚಾರ್ಟರ್ ವಿಮಾನದ ಆಯ್ಕೆ: ಇಳಿಯುವ ಊರಿನಿಂದ ಹಿಂದಕ್ಕೆ ಲೆಕ್ಕ ಹಾಕುವ ಕ್ರಮ

ಚಾರ್ಟರ್ ವಿಮಾನ, ಅಂದರೆ ಪೂರ್ತಿಯಾಗಿ ಬಾಡಿಗೆಗೆ ಪಡೆಯುವ ವಿಮಾನ, ಬೇಕೆಂದು ಕರೆ ಮಾಡುವವರಲ್ಲಿ ಹೆಚ್ಚಿನವರು ಮೊದಲು ಕೇಳುವುದು ಗಂಟೆಗೆ ಎಷ್ಟಾಗುತ್ತದೆ ಎಂಬುದನ್ನು. ಅದಾದ ಮೇಲೆ ಕೇಳುವುದು ಜೆಟ್ ಸಿಗುತ್ತದೆಯೇ ಎಂಬುದನ್ನು. ಬೆಂಗಳೂರಿನಿಂದ ಇಂತಹ ಪ್ರಯಾಣಗಳನ್ನು ಹೊಂದಿಸಿಕೊಡುವ ಕೆಲಸದಲ್ಲಿ ಹಲವು ವರ್ಷ ಕಳೆದಿರುವ ನನಗೆ, ಈ ಎರಡೂ ಪ್ರಶ್ನೆಗಳು ಕೊನೆಗೆ ಬರಬೇಕಾದವು ಎಂಬುದು ಮನದಟ್ಟಾಗಿದೆ. ಮೊದಲು ತಿಳಿಯಬೇಕಾದದ್ದು ಇಳಿಯುವ ಊರಿನ ರನ್‌ವೇ ಎಷ್ಟು ಉದ್ದವಿದೆ, ವಿಮಾನ ಹತ್ತುವವರು ಯಾರು ಯಾರು, ಅವರ ಜೊತೆಗೆ ಹೋಗುವ ಸಾಮಾನಿನ ತೂಕ ಮತ್ತು ಗಾತ್ರ ಎಷ್ಟು ಎಂಬುದು. ಈ ಮೂರನ್ನೂ ಒಂದು ಹಾಳೆಯ ಮೇಲೆ ಬರೆದುಕೊಂಡರೆ, ಹತ್ತಾರು ಮಾದರಿಗಳ ಪಟ್ಟಿ ತಾನಾಗಿಯೇ ಎರಡು ಮೂರಕ್ಕೆ ಇಳಿಯುತ್ತದೆ. ಆ ಎರಡು ಮೂರರ ನಡುವೆ ದರ ಹೋಲಿಸುವುದರಲ್ಲಿ ಅರ್ಥವಿದೆ. ಅದಕ್ಕೂ ಮೊದಲು ದರ ಹೋಲಿಸುವುದೆಂದರೆ ಅಳತೆ ಕೊಡದೆ ಅಂಗಿ ಹೊಲಿಸಿದಂತೆ.

ಇಳಿಯುವ ಊರಿನ ರನ್‌ವೇ

ಕರ್ನಾಟಕದ ವಿಮಾನ ನಿಲ್ದಾಣಗಳನ್ನೇ ತೆಗೆದುಕೊಳ್ಳೋಣ. ಕೆಂಪೇಗೌಡ ವಿಮಾನ ನಿಲ್ದಾಣದ ಎರಡು ರನ್‌ವೇಗಳು ತಲಾ 4,000 ಮೀಟರ್ ಉದ್ದವಿವೆ. 2023ರ ಫೆಬ್ರುವರಿಯಲ್ಲಿ ಉದ್ಘಾಟನೆಯಾದ ಶಿವಮೊಗ್ಗದ ರನ್‌ವೇ ಸುಮಾರು 3,200 ಮೀಟರ್, ಕಲಬುರಗಿಯದೂ 3,000 ಮೀಟರಿಗಿಂತ ಹೆಚ್ಚು. ಇಂತಹ ಕಡೆ ಯಾವ ಬಿಸಿನೆಸ್ ಜೆಟ್ಟಿಗೂ ಉದ್ದದ ಚಿಂತೆಯಿಲ್ಲ. ಆದರೆ ಮೈಸೂರಿನ ಮಂಡಕಳ್ಳಿಯ ರನ್‌ವೇ ಸುಮಾರು 1,740 ಮೀಟರ್ ಮಾತ್ರ. ಲಕ್ಷದ್ವೀಪದ ಅಗತ್ತಿಯಲ್ಲಿ ಅದು ಹೆಚ್ಚುಕಡಿಮೆ 1,200 ಮೀಟರ್, ಎರಡೂ ತುದಿಗಳಲ್ಲಿ ಕಡಲು. ಒಂದೇ ವಿಮಾನ ಶಿವಮೊಗ್ಗದಲ್ಲಿ ನಿಶ್ಚಿಂತೆಯಿಂದ ಇಳಿದು, ಅಗತ್ತಿಯ ಹತ್ತಿರ ಸುಳಿಯಲೂ ಆಗದಿರಬಹುದು.

ರನ್‌ವೇಯ ಪೂರ್ತಿ ಉದ್ದ ವಿಮಾನಕ್ಕೆ ದಕ್ಕುತ್ತದೆ ಎಂದು ಭಾವಿಸುವುದು ಇಲ್ಲಿ ಸಾಮಾನ್ಯವಾಗಿ ಆಗುವ ತಪ್ಪು. ಪ್ರಯಾಣಿಕರನ್ನು ಹಣಕ್ಕೆ ಒಯ್ಯುವ ಹಾರಾಟಗಳಲ್ಲಿ ಅಂತರರಾಷ್ಟ್ರೀಯವಾಗಿ ರೂಢಿಯಲ್ಲಿರುವ ಲೆಕ್ಕವೆಂದರೆ, ಜೆಟ್ ವಿಮಾನವು ಇಳಿಯಲು ಲಭ್ಯವಿರುವ ಉದ್ದದ ಶೇ 60ರೊಳಗೆ, ಟರ್ಬೊಪ್ರಾಪ್ (ಟರ್ಬೈನ್ ಎಂಜಿನ್ನಿನಿಂದ ಪಂಖ ತಿರುಗುವ) ವಿಮಾನವು ಶೇ 70ರೊಳಗೆ ಇಳಿದು ಪೂರ್ತಿ ನಿಲ್ಲುವಂತಿರಬೇಕು; ರನ್‌ವೇ ಒದ್ದೆಯಾಗಿದ್ದರೆ ಬೇಕಾಗುವ ಉದ್ದಕ್ಕೆ ಇನ್ನೂ ಶೇ 15ರಷ್ಟನ್ನು ಸೇರಿಸಬೇಕು. ಮೈಸೂರಿಗೆ ಇದನ್ನು ಅನ್ವಯಿಸಿ ನೋಡಿ. 1,740 ಮೀಟರಿನಲ್ಲಿ ಜೆಟ್ಟಿಗೆ ಲೆಕ್ಕಕ್ಕೆ ಸಿಗುವುದು 1,044 ಮೀಟರ್. ಆಷಾಢದ ಜಿಟಿಜಿಟಿ ಮಳೆಯಲ್ಲಿ ಅದು ಸುಮಾರು 908 ಮೀಟರಿಗೆ ಇಳಿಯುತ್ತದೆ. ಟರ್ಬೊಪ್ರಾಪ್‌ಗೆ ಒಣ ರನ್‌ವೇಯಲ್ಲಿ 1,218, ಒದ್ದೆಯಲ್ಲಿ ಸುಮಾರು 1,059 ಮೀಟರ್ ಸಿಗುತ್ತದೆ. ಮೇಲ್ನೋಟಕ್ಕೆ ಸಾಕಷ್ಟು ಉದ್ದವೆಂದು ಕಂಡ ರನ್‌ವೇ ಮಳೆಗಾಲದ ಒಂದು ಮಧ್ಯಾಹ್ನ ಹೇಗೆ ಕುಗ್ಗುತ್ತದೆ ಎಂಬುದು ಇಷ್ಟರಿಂದಲೇ ತಿಳಿಯುತ್ತದೆ.

ಇಳಿದ ಮೇಲೆ ಮತ್ತೆ ಏರಬೇಕಲ್ಲವೇ? ಅದರ ಲೆಕ್ಕ ಇನ್ನೂ ಕಟ್ಟುನಿಟ್ಟಾದದ್ದು. ತಯಾರಕರು ಕೊಡುವ ಉದ್ದದ ಅಂಕಿಗಳು ಸಾಮಾನ್ಯವಾಗಿ ಸಮುದ್ರಮಟ್ಟದಲ್ಲಿ, 15 ಡಿಗ್ರಿ ಸೆಲ್ಸಿಯಸ್ ಉಷ್ಣಾಂಶದಲ್ಲಿ ಅನ್ವಯಿಸುವಂಥವು. ನಮ್ಮ ಮೈಸೂರು ಸಮುದ್ರಮಟ್ಟದಿಂದ 700 ಮೀಟರಿಗೂ ಎತ್ತರದಲ್ಲಿದೆ, ಬೆಂಗಳೂರು ಸುಮಾರು 900 ಮೀಟರ್. ಎತ್ತರ ಹೆಚ್ಚಿದಂತೆ ಗಾಳಿ ತೆಳುವಾಗುತ್ತದೆ, ಬಿಸಿಲು ಏರಿದಂತೆ ಮತ್ತಷ್ಟು ತೆಳುವಾಗುತ್ತದೆ. ತೆಳುವಾದ ಗಾಳಿಯಲ್ಲಿ ರೆಕ್ಕೆಗೂ ಎಂಜಿನ್ನಿಗೂ ಶಕ್ತಿ ಕಡಿಮೆ. ಏಪ್ರಿಲ್ ತಿಂಗಳಲ್ಲಿ ಮೈಸೂರಿನ ಉಷ್ಣಾಂಶ 34 ಡಿಗ್ರಿ ಇರುವಾಗ, ಅಲ್ಲಿಂದ ಹೊರಡುವ ವಿಮಾನ ಹೆಚ್ಚುಕಡಿಮೆ 1,600 ಮೀಟರ್ ಎತ್ತರದ ಬೆಟ್ಟದ ಮೇಲಿನಿಂದ ಹೊರಟಂತೆ ವರ್ತಿಸುತ್ತದೆ. ಭಾರತದ ಚಾರ್ಟರ್ ವಲಯದಲ್ಲಿ ಬಹಳ ಕಾಲದಿಂದ ಬಳಕೆಯಲ್ಲಿರುವ ಹಾಕರ್ 800ಎಕ್ಸ್‌ಪಿ ಜೆಟ್ಟಿಗೆ ಪೂರ್ಣ ಭಾರದಲ್ಲಿ, ಸಮುದ್ರಮಟ್ಟದಲ್ಲಿಯೇ ಏರಲು ಸುಮಾರು 1,500 ಮೀಟರ್ ಬೇಕು. ಅದು ಮೈಸೂರಿನಿಂದ ಹಾರಲಾರದು ಎಂದಲ್ಲ. ಇಂಧನ ಕಡಿಮೆ ತುಂಬಿಕೊಂಡು ಅಥವಾ ಜನ ಕಡಿಮೆ ಮಾಡಿಕೊಂಡು ಹಾರಬೇಕಾಗುತ್ತದೆ. ಅಲ್ಲಿಂದ ದೆಹಲಿಗೆ ಎಂಟು ಜನ ಹೋಗಬೇಕೆಂದಿದ್ದರೆ, ಬೆಂಗಳೂರಿನಲ್ಲಿ ಒಮ್ಮೆ ಇಳಿದು ಇಂಧನ ತುಂಬಿಸಿಕೊಳ್ಳುವ ಪ್ರಸಂಗ ಬರಬಹುದು. ಇದನ್ನು ಮೊದಲೇ ತಿಳಿದವರು ಕಾರಿನಲ್ಲಿ ಬೆಂಗಳೂರಿಗೆ ಬಂದು ಅಲ್ಲಿಂದ ಏರುತ್ತಾರೆ, ಇಲ್ಲವೇ ಮೈಸೂರಿಗೆ ಒಪ್ಪುವ ವಿಮಾನವನ್ನು ಆರಿಸಿಕೊಳ್ಳುತ್ತಾರೆ.

ಆದ್ದರಿಂದ ಆಪರೇಟರ್, ಅಂದರೆ ವಿಮಾನ ಹಾರಿಸುವ ಕಂಪನಿಯವರ ಬಳಿ ಕೇಳಬೇಕಾದ ಪ್ರಶ್ನೆಯ ರೂಪವೇ ಬದಲಾಗಬೇಕು. ‘ಈ ವಿಮಾನ ಅಲ್ಲಿ ಇಳಿಯುತ್ತದೆಯೇ’ ಎಂದು ಕೇಳಬೇಡಿ. ‘ನಮ್ಮ ಇಷ್ಟು ಜನ, ಇಷ್ಟು ಸಾಮಾನು, ಆ ತಿಂಗಳ ಮಧ್ಯಾಹ್ನದ ಬಿಸಿಲು, ರನ್‌ವೇ ಒದ್ದೆ ಇರುವ ಸಾಧ್ಯತೆ, ಇವೆಲ್ಲವನ್ನೂ ಹಿಡಿದು ಅಲ್ಲಿ ಇಳಿದು ಮತ್ತೆ ಏರುತ್ತದೆಯೇ’ ಎಂದು ಕೇಳಿ. ಒಳ್ಳೆಯ ಆಪರೇಟರ್ ಈ ಪ್ರಶ್ನೆಗೆ ಬೇಸರಿಸುವುದಿಲ್ಲ. ಪೈಲಟ್ ಜೊತೆ ಮಾತಾಡಿ ಸಂಜೆಯೊಳಗೆ ಉತ್ತರ ತಿಳಿಸುತ್ತಾರೆ. ‘ಎಲ್ಲಾ ಆಗುತ್ತದೆ ಸಾರ್’ ಎಂದು ಫೋನಿನಲ್ಲೇ ಮುಗಿಸುವವರ ಬಗ್ಗೆ ಎಚ್ಚರವಿರಲಿ.

ಉದ್ದದ ಜೊತೆಗೆ ಇನ್ನೆರಡು ಸಂಗತಿಗಳನ್ನೂ ವಿಚಾರಿಸಬೇಕು. ಮೊದಲನೆಯದು ನಿಲ್ದಾಣ ತೆರೆದಿರುವ ಸಮಯ; ಸಣ್ಣ ನಿಲ್ದಾಣಗಳು ದಿನವಿಡೀ ತೆರೆದಿರುವುದಿಲ್ಲ, ಸಮಯ ವಿಸ್ತರಿಸಿಕೊಳ್ಳಲು ಮುಂಚಿತವಾಗಿ ಅರ್ಜಿ ಕೊಟ್ಟು ಶುಲ್ಕ ಕಟ್ಟಬೇಕು. ಎರಡನೆಯದು ಅದರ ಒಡೆತನ. ಬೀದರ್ ವಾಯುಪಡೆಯ ನೆಲೆ; ಪುಣೆಯೂ ಹಾಗೆಯೇ, ಗೋವಾದ ದಾಬೋಲಿಂ ನೌಕಾಪಡೆಯದು. ಹಂಪಿಗೆ ಹೋಗುವವರು ಬಳಸುವ ತೋರಣಗಲ್ಲಿನ ವಿದ್ಯಾನಗರ ನಿಲ್ದಾಣ ಖಾಸಗಿಯವರದು. ಇಂತಹ ಕಡೆ ಇಳಿಯಲು ಮುಂಗಡ ಅನುಮತಿ ಬೇಕು, ಅದಕ್ಕೆ ದಿನಗಳು ಹಿಡಿಯಬಹುದು. 2008ರ ಮೇ ತಿಂಗಳಲ್ಲಿ ದೇವನಹಳ್ಳಿಯ ನಿಲ್ದಾಣ ಆರಂಭವಾದ ಮೇಲೆ ಬೆಂಗಳೂರಿನ ಹಳೆಯ ಎಚ್‌ಎಎಲ್ ನಿಲ್ದಾಣದಿಂದ ನಿಗದಿತ ವಿಮಾನಗಳು ನಿಂತರೂ ಚಾರ್ಟರ್ ವಿಮಾನಗಳು ಅಲ್ಲಿಂದ ಹಾರುತ್ತಲೇ ಇವೆ. ಊರೊಳಗಿನವರಿಗೆ ಅದು ಹತ್ತಿರ. ಯಾವ ನಿಲ್ದಾಣದಿಂದ ಹೊರಡುವುದು ಎಂಬುದನ್ನು ಬಾಯಿಮಾತಿಗೆ ಬಿಡದೆ ಬರವಣಿಗೆಯಲ್ಲಿ ಖಚಿತಪಡಿಸಿಕೊಳ್ಳಿ.

ಆಸನದ ಲೆಕ್ಕ ಬೇರೆ, ತೂಕದ ಲೆಕ್ಕ ಬೇರೆ

ಒಂದು ವಿಮಾನದಲ್ಲಿ ಎಂಟು ಆಸನಗಳಿವೆ ಎಂದರೆ ಎಂಟು ಜನ ತಮ್ಮ ಸಾಮಾನಿನೊಂದಿಗೆ ಬೇಕೆಂದ ಊರಿಗೆ ಹೋಗಬಹುದು ಎಂದು ಅರ್ಥವಲ್ಲ. ವಿಮಾನಕ್ಕೆ ಏರುವಾಗ ಇರಬಹುದಾದ ಗರಿಷ್ಠ ತೂಕವೊಂದಿದೆ. ಖಾಲಿ ವಿಮಾನದ ತೂಕವನ್ನು ಅದರಿಂದ ಕಳೆದರೆ ಉಳಿಯುವುದನ್ನು ಇಂಧನ, ಜನ, ಸಾಮಾನು ಮೂವರೂ ಹಂಚಿಕೊಳ್ಳಬೇಕು. ಟ್ಯಾಂಕು, ಆಸನ, ಲಗೇಜಿನ ಜಾಗ ಮೂರನ್ನೂ ಒಟ್ಟಿಗೆ ಪೂರ್ತಿ ತುಂಬಲು ಸಣ್ಣ ವಿಮಾನಗಳಲ್ಲಿ ಸಾಮಾನ್ಯವಾಗಿ ಸಾಧ್ಯವಾಗುವುದಿಲ್ಲ. ಪಿಲಾಟಸ್ ಪಿಸಿ-12 ವಿಮಾನದಲ್ಲಿ ಆರರಿಂದ ಒಂಬತ್ತು ಆಸನಗಳಿರಬಹುದು; ಟ್ಯಾಂಕು ಪೂರ್ತಿ ತುಂಬಿಸಿದರೆ ಉಳಿಯುವ ಭಾರ ಐದಾರು ಜನರಿಗೆ ಸಾಕಾಗುತ್ತದೆ. ಹಗುರ ಜೆಟ್‌ಗಳಲ್ಲಿ ಇದು ನಾಲ್ಕೈದು ಜನರಿಗೇ ಮುಗಿಯಬಹುದು. ದೂರ ಕಡಿಮೆಯಾದರೆ ಇಂಧನ ಕಡಿಮೆ ಸಾಕು, ಜನ ಹೆಚ್ಚು ಹತ್ತಬಹುದು. ಹಾಗಾಗಿ ‘ಎಷ್ಟು ಜನ ಕೂರಬಹುದು’ ಎಂಬ ಪ್ರಶ್ನೆಗೆ ‘ಎಲ್ಲಿಗೆ’ ಎಂದು ಕೇಳದೆ ಉತ್ತರಿಸುವವರು ಅರ್ಧ ಉತ್ತರವನ್ನಷ್ಟೇ ಕೊಡುತ್ತಿರುತ್ತಾರೆ.

ಇಂಧನವನ್ನೂ ಗುರಿ ಮುಟ್ಟುವಷ್ಟೇ ತುಂಬುವುದಿಲ್ಲ. ಗುರಿಯ ಊರಿನಲ್ಲಿ ಮಂಜು ಕವಿದು ಇಳಿಯಲಾಗದಿದ್ದರೆ ಇನ್ನೊಂದು ಊರಿಗೆ ಹೋಗುವಷ್ಟು, ಅಲ್ಲಿ ಸುಮಾರು ಅರ್ಧ ಗಂಟೆ ಸುತ್ತುವಷ್ಟು ಇಂಧನ ಟ್ಯಾಂಕಿನಲ್ಲಿ ಉಳಿದಿರಬೇಕು. ಡಿಸೆಂಬರ್–ಜನವರಿಯ ಬೆಳಗಿನ ಜಾವದಲ್ಲಿ ದೇವನಹಳ್ಳಿಯ ಮಂಜನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ನನ್ನ ಕೆಲಸದ ಆರಂಭದ ದಿನಗಳಲ್ಲಿ ಹುಬ್ಬಳ್ಳಿಯಿಂದ ಉದಯಪುರಕ್ಕೆ ಹೊರಟ ಮದುವೆ ಮನೆಯವರಿಗೆ ಒಂದು ಹಗುರ ಜೆಟ್ ಗೊತ್ತುಮಾಡಿದ್ದೆ. ಪಟ್ಟಿಯಲ್ಲಿ ಎಂಟು ಆಸನ ಎಂದಿತ್ತು, ಹೋಗುವವರೂ ಎಂಟು ಜನ, ಅಷ್ಟಕ್ಕೇ ತೃಪ್ತನಾದೆ. ಬೆಳಿಗ್ಗೆ ವಿಮಾನದ ಬಳಿ ಹೋದಾಗ ಎರಡು ಸಂಗತಿಗಳು ಗೊತ್ತಾದವು. ಎಂಟನೆಯ ಆಸನವೆಂದರೆ ಹಿಂಬದಿಯ ಶೌಚಾಲಯದ ಮುಚ್ಚಳದ ಮೇಲೆ ಮೆತ್ತೆ ಹಾಕಿ ಸೀಟ್ ಬೆಲ್ಟ್ ಕೊಟ್ಟಿದ್ದ ಜಾಗ. ನಿಯಮದ ಪ್ರಕಾರ ಅದು ಆಸನವೇ. ಆದರೆ ಅಲ್ಲಿ ಒಬ್ಬರು ಕುಳಿತರೆ ಉಳಿದ ಏಳು ಜನರಿಗೆ ಶೌಚಾಲಯವೇ ಇಲ್ಲದಂತಾಗುತ್ತದೆ. ಮದುಮಗಳ ಸೋದರಮಾವ ಏನೂ ಆಡದೆ ಅಲ್ಲಿ ಕುಳಿತರು. ಇನ್ನೊಂದು, ಧಾರೆ ಸೀರೆಗಳನ್ನೂ ಬೆಳ್ಳಿಯ ಸಾಮಾನುಗಳನ್ನೂ ತುಂಬಿದ್ದ ಗಟ್ಟಿ ಕವಚದ ದೊಡ್ಡ ಪೆಟ್ಟಿಗೆ ಲಗೇಜಿನ ಬಾಗಿಲೊಳಗೆ ಹೋಗಲೇ ಇಲ್ಲ. ಒಳಗೆ ಜಾಗವಿತ್ತು, ಬಾಗಿಲು ಚಿಕ್ಕದಿತ್ತು. ವಿಮಾನದ ನೆರಳಿನಲ್ಲಿ ಪೆಟ್ಟಿಗೆ ಬಿಚ್ಚಿ, ಬೆಡ್‌ಶೀಟು ಹಾಸಿ, ಸೀರೆಗಳನ್ನು ಒಂದೊಂದಾಗಿ ಅದರಲ್ಲಿಟ್ಟು ಗಂಟು ಕಟ್ಟಿದೆವು. ಆರತಿ ತಟ್ಟೆಗಳನ್ನು ಟವೆಲಿನಲ್ಲಿ ಸುತ್ತಿ ಕಾಲ ಬುಡದಲ್ಲಿ ಜೋಡಿಸಿದೆವು. ಖಾಲಿ ಪೆಟ್ಟಿಗೆ ಹುಬ್ಬಳ್ಳಿಯಲ್ಲೇ ಉಳಿಯಿತು. ಮದುಮಗಳ ಅಜ್ಜಿ ಆ ಗಂಟನ್ನು ತೊಡೆಯ ಮೇಲೆ ಇಟ್ಟುಕೊಳ್ಳುತ್ತೇನೆಂದು ಹಠ ಹಿಡಿದಾಗ, ವಿಮಾನ ಏರುವಾಗ ತೊಡೆಯ ಮೇಲೆ ಏನೂ ಇರಬಾರದೆಂದು ಕ್ಯಾಪ್ಟನ್ ಅವರ ಪಕ್ಕದಲ್ಲಿ ಮಂಡಿಯೂರಿ ಕುಳಿತು ತಿಳಿಸಿ ಹೇಳಿದರು. ಆ ದಿನದಿಂದ ನಾನು ಪ್ರತಿ ಪ್ರಯಾಣಕ್ಕೂ ಎರಡು ಪ್ರಶ್ನೆಗಳನ್ನು ತಪ್ಪದೆ ಕೇಳುತ್ತೇನೆ: ಶೌಚಾಲಯ ಬಿಟ್ಟು ಎಷ್ಟು ಆಸನ, ಲಗೇಜಿನ ಬಾಗಿಲಿನ ಅಳತೆ ಎಷ್ಟು.

ನೀವು ಮಾಡಬೇಕಾದದ್ದು ಇಷ್ಟು. ಪ್ರಯಾಣಿಕರೆಲ್ಲರ ನಿಜವಾದ ತೂಕ ಬರೆದುಕೊಳ್ಳಿ. ಸಂಕೋಚಕ್ಕೆ ಐದು ಕಿಲೊ ಕಡಿಮೆ ಬರೆಯುವುದು ಬೇಡ. ಸಾಮಾನನ್ನು ಮನೆಯಲ್ಲೇ ತೂಗಿ, ಅತಿ ದೊಡ್ಡ ವಸ್ತುವಿನ ಉದ್ದ, ಅಗಲ, ಎತ್ತರವನ್ನು ಅಳೆದಿಡಿ. ವೀಣೆ, ಗಾಲ್ಫ್ ಕಿಟ್, ಮಡಚುವ ಗಾಲಿಕುರ್ಚಿ, ಪೂಜೆಯ ವಿಗ್ರಹ ಇದ್ದರೆ ಹೆಸರಿಟ್ಟೇ ತಿಳಿಸಿ. ಗಟ್ಟಿ ಪೆಟ್ಟಿಗೆಗಳ ಬದಲು ಮೆತ್ತನೆಯ ಬಟ್ಟೆಯ ಬ್ಯಾಗುಗಳನ್ನು ಬಳಸಿದರೆ ಸಣ್ಣ ವಿಮಾನದ ಮೂಲೆಮೂಲೆಯೂ ಉಪಯೋಗಕ್ಕೆ ಬರುತ್ತದೆ.

ಟರ್ಬೊಪ್ರಾಪ್ ಸಾಕೇ, ಜೆಟ್ ಬೇಕೇ

ಮುಂದೆ ತಿರುಗುವ ಪಂಖಗಳನ್ನು ಕಂಡ ಕೂಡಲೇ ‘ಇದು ಹಳೆಯ ವಿಮಾನ’ ಎಂದು ಮುಖ ಸಿಂಡರಿಸುವವರನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಅದು ತಪ್ಪು ತಿಳಿವಳಿಕೆ. ಟರ್ಬೊಪ್ರಾಪ್‌ನ ಒಳಗಿರುವುದೂ ಜೆಟ್ ಮಾದರಿಯ ಟರ್ಬೈನ್ ಎಂಜಿನ್ನೇ. ಅದರ ಶಕ್ತಿ ಪಂಖವನ್ನು ತಿರುಗಿಸುತ್ತದೆ ಎಂಬುದಷ್ಟೇ ವ್ಯತ್ಯಾಸ. ಕರ್ನಾಟಕದೊಳಗಿನ ಪ್ರಯಾಣಗಳಿಗೆ, ನೆರೆಯ ರಾಜ್ಯಗಳ ಊರುಗಳಿಗೆ, ನನ್ನ ದೃಷ್ಟಿಯಲ್ಲಿ ಇದಕ್ಕಿಂತ ಒಪ್ಪುವ ವಿಮಾನ ಇಲ್ಲ.

ಕಾಲದ ಲೆಕ್ಕವನ್ನೇ ನೋಡಿ. ಎರಡು ಎಂಜಿನ್ನಿನ ಕಿಂಗ್ ಏರ್ ಬಿ200, ಒಂದು ಎಂಜಿನ್ನಿನ ಪಿಸಿ-12 ಎರಡೂ ಗಂಟೆಗೆ ಸುಮಾರು 500 ಕಿ.ಮೀ. ವೇಗದಲ್ಲಿ ಹಾರುತ್ತವೆ, ಸೈಟೇಷನ್ ಸಿಜೆ2ನಂತಹ ಹಗುರ ಜೆಟ್ ಗಂಟೆಗೆ 700 ಕಿ.ಮೀ. ದಾಟುತ್ತದೆ. ಬೆಂಗಳೂರಿನಿಂದ ಕಲಬುರಗಿಗೆ ನೇರ ದೂರ ಸುಮಾರು 490 ಕಿ.ಮೀ. ಏರುವ, ಇಳಿಯುವ ಸಮಯವನ್ನು ಸೇರಿಸಿದರೆ ಟರ್ಬೊಪ್ರಾಪ್‌ಗೆ ಒಂದೂಕಾಲು ಗಂಟೆಯ ಆಸುಪಾಸು, ಜೆಟ್ಟಿಗೆ ಒಂದು ಗಂಟೆಗಿಂತ ತುಸು ಕಡಿಮೆ. ಉಳಿಯುವುದು ಇಪ್ಪತ್ತು ನಿಮಿಷ. ಅಷ್ಟು ಹೊತ್ತು ಬೆಂಗಳೂರಿನ ಒಂದು ಸಿಗ್ನಲ್ಲಿನಲ್ಲೇ ಕಳೆದುಹೋಗುತ್ತದೆ. ಅದಕ್ಕಾಗಿ ಗಂಟೆಯ ದರದಲ್ಲಿ ಗಣನೀಯವಾಗಿ ಹೆಚ್ಚು ತೆರಬೇಕು, ಜೊತೆಗೆ ಸಣ್ಣ ರನ್‌ವೇಗಳ ಅನುಕೂಲವನ್ನೂ ಬಿಟ್ಟುಕೊಡಬೇಕು. ದೆಹಲಿಗಾದರೆ ಮಾತು ಬೇರೆ. ಸುಮಾರು 1,740 ಕಿ.ಮೀ. ದೂರದ ಆ ಪ್ರಯಾಣ ಟರ್ಬೊಪ್ರಾಪ್‌ನಲ್ಲಿ ಮೂರೂಮುಕ್ಕಾಲು ಗಂಟೆ ಹಿಡಿದರೆ ಜೆಟ್ಟಿನಲ್ಲಿ ಎರಡೂವರೆ ಗಂಟೆಯ ಸುತ್ತಮುತ್ತ ಮುಗಿಯುತ್ತದೆ. ಒಂದೇ ದಿನ ಹೋಗಿ ಬರುವವರಿಗೆ ಅದರಿಂದ ಎರಡೂವರೆ ಗಂಟೆ ಉಳಿಯುತ್ತದೆ. ಪೈಲಟ್‌ಗಳ ಕರ್ತವ್ಯದ ಅವಧಿಗೆ ಇರುವ ಮಿತಿಯೊಳಗೆ ಇಡೀ ದಿನದ ಕೆಲಸವನ್ನು ಹೊಂದಿಸಲೂ ಅದು ಬೇಕಾಗಬಹುದು. ಸ್ಥೂಲವಾಗಿ ಹೇಳುವುದಾದರೆ 600–700 ಕಿ.ಮೀ. ಒಳಗೆ ಟರ್ಬೊಪ್ರಾಪ್, 1,000 ಕಿ.ಮೀ. ದಾಟಿದರೆ ಜೆಟ್, ನಡುವಿನದ್ದಕ್ಕೆ ಜನ, ಸಾಮಾನು, ರನ್‌ವೇ ನೋಡಿ ತೀರ್ಮಾನಿಸಬೇಕು.

ಮಳೆಗಾಲದಲ್ಲಿ ಜೆಟ್ ಎಲ್ಲ ಮೋಡಗಳ ಮೇಲೆ ಹಾರಿ ಅಲುಗಾಟವಿಲ್ಲದೆ ಸಾಗುತ್ತದೆ ಎಂಬ ನಂಬಿಕೆಯಿದೆ. ಅದು ಭಾಗಶಃ ನಿಜ. ಟರ್ಬೊಪ್ರಾಪ್ ಸಾಮಾನ್ಯವಾಗಿ 20,000ದಿಂದ 30,000 ಅಡಿಗಳ ನಡುವೆ ಹಾರಿದರೆ ಜೆಟ್ 40,000 ಅಡಿಯ ಆಸುಪಾಸಿಗೆ ಏರಬಲ್ಲದು, ಹಾಗಾಗಿ ಸಾಮಾನ್ಯ ಮಳೆಮೋಡಗಳನ್ನು ಅದು ಕೆಳಗೆ ಬಿಡುತ್ತದೆ. ಆದರೆ ಮುಂಗಾರಿನ, ಹಿಂಗಾರಿನ ಗುಡುಗುಮೋಡಗಳು 45,000 ಅಡಿಯನ್ನೂ ಮೀರಿ ಬೆಳೆಯುತ್ತವೆ. ಅವುಗಳನ್ನು ಯಾವ ವಿಮಾನವೂ ಸುತ್ತಿಕೊಂಡೇ ಹೋಗಬೇಕು. ಸೆಸ್ನಾ ಗ್ರ್ಯಾಂಡ್ ಕ್ಯಾರವಾನ್‌ನಂತಹ, ಕ್ಯಾಬಿನ್ನಿನಲ್ಲಿ ಗಾಳಿಯ ಒತ್ತಡ ಕಾಯ್ದುಕೊಳ್ಳುವ ವ್ಯವಸ್ಥೆಯಿಲ್ಲದ ವಿಮಾನಗಳು ತಗ್ಗಿನಲ್ಲೇ ಹಾರಬೇಕಾಗುತ್ತದೆ. ಚಳಿಗಾಲದ ತಿಳಿಯಾದ ಬೆಳಿಗ್ಗೆ ಹತ್ತಿರದ ಊರಿಗೆ ಅವು ಸುಂದರವಾದ ಪ್ರಯಾಣ ಕೊಡುತ್ತವೆ. ಜುಲೈ ತಿಂಗಳಲ್ಲಿ ಘಟ್ಟ ದಾಟಿ ಮಂಗಳೂರಿಗೆ ಹೋಗಲು ನಾನು ಅವನ್ನು ಸೂಚಿಸುವುದಿಲ್ಲ.

ಜೆಟ್ ಎಂದು ತೀರ್ಮಾನವಾದ ಮೇಲೆ ಯಾವ ವರ್ಗದ್ದು ಎಂಬ ಪ್ರಶ್ನೆ ಬರುತ್ತದೆ. ಹಗುರ ಜೆಟ್‌ಗಳಲ್ಲಿ, ಅಂದರೆ ಸೈಟೇಷನ್ ಸಿಜೆ ಸರಣಿ, ಫೀನಮ್ 300 ಮುಂತಾದವುಗಳಲ್ಲಿ, ಕ್ಯಾಬಿನ್ನಿನ ಎತ್ತರ ಒಂದೂವರೆ ಮೀಟರಿನಷ್ಟೇ. ಯಾರೂ ನೆಟ್ಟಗೆ ನಿಲ್ಲಲಾಗದು. ಎರಡು ಗಂಟೆಯ ಪ್ರಯಾಣಕ್ಕೆ, ಐದಾರು ಜನರಿಗೆ ಅದು ಸಾಕು. ಹಾಕರ್ 800ಎಕ್ಸ್‌ಪಿ, ಸೈಟೇಷನ್ ಎಕ್ಸೆಲ್ಎಸ್ ಮುಂತಾದ ಮಧ್ಯಮ ವರ್ಗದವುಗಳಲ್ಲಿ ಎತ್ತರ ಸುಮಾರು 1.75 ಮೀಟರ್, ಎಂಟು ಜನ ಆರಾಮವಾಗಿ ಕೂರಬಹುದು, ಮುಚ್ಚಿದ ಶೌಚಾಲಯವಿರುತ್ತದೆ. ಬೆಂಗಳೂರಿನಿಂದ ದೆಹಲಿಗೋ ದುಬೈಗೋ ಹೋಗುವ ಕುಟುಂಬಕ್ಕೆ ನಾನು ಹೆಚ್ಚಾಗಿ ಸೂಚಿಸುವುದು ಈ ವರ್ಗವನ್ನೇ. ಹತ್ತು ಹನ್ನೆರಡು ಜನರಾದರೆ ಚಾಲೆಂಜರ್ 605, ಫಾಲ್ಕನ್ 2000, ಲೆಗಸಿ 650ರ ಕಡೆ ನೋಡಬೇಕಾಗುತ್ತದೆ. ಇವುಗಳಲ್ಲಿ ಆರಡಿಯವರೂ ನಿಲ್ಲಬಹುದು. ಲಂಡನ್ನಿಗೆ ನಡುವೆ ಎಲ್ಲೂ ಇಳಿಯದೆ ಹೋಗಬೇಕೆಂದರೆ ಸುಮಾರು 8,000 ಕಿ.ಮೀ. ದೂರವನ್ನು, ಅದೂ ಎದುರುಗಾಳಿಯಲ್ಲಿ, ಕ್ರಮಿಸಬೇಕು. ಅದು ಗಲ್ಫ್‌ಸ್ಟ್ರೀಮ್ ಜಿ550, ಗ್ಲೋಬಲ್ 6000ದಂತಹವುಗಳ ಕೆಲಸ. ವಿದೇಶ ಪ್ರಯಾಣಕ್ಕೆ ವಲಸೆ ಮತ್ತು ಕಸ್ಟಮ್ಸ್ ತಪಾಸಣೆ ಇರುವ ನಿಲ್ದಾಣದಿಂದಲೇ ಹೊರಡಬೇಕಾದ್ದರಿಂದ, ನಮ್ಮ ರಾಜ್ಯದವರು ಬೆಂಗಳೂರು ಅಥವಾ ಮಂಗಳೂರನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ವಯಸ್ಸಾದವರು ಮತ್ತು ರೋಗಿಗಳು ಇದ್ದರೆ

ಮಂಡಿನೋವಿನ ತಾಯಿಯನ್ನು ಕರೆದೊಯ್ಯುವಾಗ ಕ್ಯಾಬಿನ್ನಿನ ಎತ್ತರಕ್ಕಿಂತ ಬಾಗಿಲಿನ ಮೆಟ್ಟಿಲು ಮುಖ್ಯ. ಸಣ್ಣ ವಿಮಾನಗಳ ಮೆಟ್ಟಿಲುಗಳು ಕಿರಿದಾಗಿ, ಕಡಿದಾಗಿರುತ್ತವೆ. ಒಳಗೆ ಬಗ್ಗಿಕೊಂಡೇ ಆಸನದವರೆಗೆ ನಡೆಯಬೇಕು. ಸಾಧ್ಯವಾದರೆ ಅದೇ ವಿಮಾನದ ಬಾಗಿಲು ಮತ್ತು ಒಳಭಾಗದ ಈಚಿನ ಫೋಟೊ ತರಿಸಿಕೊಂಡು ಅವರಿಗೇ ತೋರಿಸಿ. ಶೌಚಾಲಯಕ್ಕೆ ಗಟ್ಟಿ ಬಾಗಿಲಿದೆಯೇ, ಬರೀ ಪರದೆಯೇ ಎಂದು ಕೇಳಲು ನಾಚಬೇಡಿ. ಪರದೆ ಮಾತ್ರ ಇರುವುದರಿಂದ ಮೂರು ಗಂಟೆ ನೀರು ಕುಡಿಯದೆ ಕುಳಿತ ಹಿರಿಯರನ್ನು ನಾನು ಕಂಡಿದ್ದೇನೆ.

ಸ್ಟ್ರೆಚರ್ ಮೇಲಿನ ರೋಗಿಯನ್ನು ಸಾಗಿಸುವುದು ಸಂಪೂರ್ಣ ಬೇರೆಯೇ ವಿಷಯ. ಅದಕ್ಕೆ ಸ್ಟ್ರೆಚರ್, ಆಮ್ಲಜನಕ, ವೆಂಟಿಲೇಟರ್, ವೈದ್ಯರು ಇರುವ ಏರ್ ಆಂಬುಲೆನ್ಸನ್ನೇ ಗೊತ್ತುಮಾಡಬೇಕು. ಅಲ್ಲಿಯೂ ವಿಮಾನದ ಆಯ್ಕೆಗೆ ಬೆಲೆಯಿದೆ. ಪಿಸಿ-12ರ ಹಿಂಬದಿಯ ಸರಕು ಬಾಗಿಲು ಸುಮಾರು 1.35 ಮೀಟರ್ ಅಗಲವಿದ್ದು, ಸ್ಟ್ರೆಚರನ್ನು ಓರೆ ಮಾಡದೆ ಒಳಗೆ ಸೇರಿಸಬಹುದು. ಕಿರಿದಾದ ಬಾಗಿಲಿನ ವಿಮಾನದಲ್ಲಿ ನಾಲ್ವರು ಹಿಡಿದು, ತಿರುಗಿಸಿ, ವಾಲಿಸಿ ಸೇರಿಸಬೇಕಾಗುತ್ತದೆ. ಬೆನ್ನುಮೂಳೆಗೆ ಪೆಟ್ಟಾದವರಿಗೆ ಅದು ಆಗದು. ಇನ್ನೊಂದು ಸಂಗತಿ, ಹಾರುವಾಗ ಕ್ಯಾಬಿನ್ನಿನೊಳಗಿನ ಗಾಳಿ ನೆಲಮಟ್ಟದಷ್ಟು ದಟ್ಟವಾಗಿರುವುದಿಲ್ಲ. ಸಾಮಾನ್ಯವಾಗಿ ಅದು 6,000ದಿಂದ 8,000 ಅಡಿ ಎತ್ತರದ ಗಾಳಿಗೆ ಸಮ. ನಮ್ಮ ಮುಳ್ಳಯ್ಯನಗಿರಿಯ ತುದಿ 6,330 ಅಡಿ ಎಂಬುದನ್ನು ನೆನೆದರೆ ಅಂದಾಜಾಗುತ್ತದೆ. ಆರೋಗ್ಯವಂತರಿಗೆ ಇದು ತಿಳಿಯುವುದೇ ಇಲ್ಲ. ಶ್ವಾಸಕೋಶದ ತೊಂದರೆ, ತಲೆಗೆ ಪೆಟ್ಟು, ಈಚೆಗೆ ಆದ ಹೊಟ್ಟೆಯ ಶಸ್ತ್ರಚಿಕಿತ್ಸೆ ಇರುವವರಿಗೆ ವೈದ್ಯರು ಕ್ಯಾಬಿನ್ ಒತ್ತಡವನ್ನು ನೆಲಮಟ್ಟಕ್ಕೆ ಹತ್ತಿರ ಇಡಲು ಹೇಳಬಹುದು. ಆಗ ವಿಮಾನ ತಗ್ಗಿನಲ್ಲಿ ಹಾರಬೇಕು, ಇಂಧನ ಹೆಚ್ಚು ಬೇಕು, ತಲುಪಬಲ್ಲ ದೂರ ಕಡಿಮೆಯಾಗುತ್ತದೆ. ಚಿಕಿತ್ಸೆ ಕೊಡುತ್ತಿರುವ ವೈದ್ಯರನ್ನೂ ಏರ್ ಆಂಬುಲೆನ್ಸಿನ ವೈದ್ಯರನ್ನೂ ನೇರವಾಗಿ ಫೋನಿನಲ್ಲಿ ಮಾತಾಡಿಸಿದ ಮೇಲೆಯೇ ವಿಮಾನವನ್ನು ಅಂತಿಮಗೊಳಿಸಿ.

ರನ್‌ವೇ ಇಲ್ಲದ ಊರಿಗೆ

ಕೊಡಗಿಗೆ, ಚಿಕ್ಕಮಗಳೂರಿನ ತೋಟಗಳಿಗೆ, ಧರ್ಮಸ್ಥಳಕ್ಕೆ ಹೋಗುವವರಿಗೆ ಉಳಿದಿರುವುದು ಹೆಲಿಕಾಪ್ಟರ್. ಸಾಮಾನ್ಯ ಚಾರ್ಟರ್ ಹೆಲಿಕಾಪ್ಟರ್‌ಗಳು ಹಗಲು ಹೊತ್ತಿನಲ್ಲಿ, ನೆಲ ಕಣ್ಣಿಗೆ ಕಾಣುವ ಹವೆಯಲ್ಲಿ ಹಾರುತ್ತವೆ. ಮಳೆಗಾಲದಲ್ಲಿ ಘಟ್ಟದ ಮೇಲೆ ಮೋಡ ಇಳಿದು ಗುಡ್ಡಗಳನ್ನೇ ಮುಚ್ಚುವಾಗ ಹಾರಾಟ ರದ್ದಾಗುವುದನ್ನು ನಿರೀಕ್ಷಿಸಿಯೇ ಇರಬೇಕು, ಮತ್ತು ಆ ದಿನ ಕಾರು ಸಿದ್ಧವಿರಬೇಕು. ಮುಹೂರ್ತವಿದೆ, ಹೇಗಾದರೂ ಹೋಗಲೇಬೇಕು ಎಂದು ಪೈಲಟ್ ಮೇಲೆ ಒತ್ತಡ ಹಾಕುವುದು ಅಪಾಯಕ್ಕೆ ಆಹ್ವಾನ. ಬೆಲ್ 407ರಂತಹ ಒಂದು ಎಂಜಿನ್ನಿನ ಹೆಲಿಕಾಪ್ಟರ್‌ನಲ್ಲಿ ಐದಾರು ಜನ ಕೂರಬಹುದು; ದಟ್ಟ ಕಾಡು, ಕಣಿವೆಗಳ ಮೇಲೆ ಹಾದು ಹೋಗುವ ದಾರಿಯಾದರೆ ಎರಡು ಎಂಜಿನ್ನಿನದಕ್ಕೆ ಹೆಚ್ಚು ಹಣ ಕೊಡುವುದು ಸಾರ್ಥಕ ಎಂಬುದು ನನ್ನ ಅಭಿಪ್ರಾಯ. ತೋಟದಲ್ಲೋ ಶಾಲೆಯ ಮೈದಾನದಲ್ಲೋ ಇಳಿಸುವುದಾದರೆ ಜಿಲ್ಲಾಡಳಿತದ ಅನುಮತಿ, ಪೊಲೀಸ್ ಬಂದೋಬಸ್ತು, ಅಗ್ನಿಶಾಮಕ ವ್ಯವಸ್ಥೆ ಬೇಕಾಗುತ್ತವೆ. ಅದಕ್ಕೆ ವಾರಕ್ಕೆ ಮುಂಚೆಯೇ ಓಡಾಟ ಆರಂಭಿಸಿ. ಸುತ್ತ ವಿದ್ಯುತ್ ತಂತಿ, ಒಣಗಿದ ಅಡಿಕೆ ಸೋಗೆ, ಶಾಮಿಯಾನದ ಬಟ್ಟೆ ಇರಬಾರದು.

ದರಪಟ್ಟಿಯನ್ನು ಓದುವುದು

ಗಂಟೆಯ ದರ ಕಡಿಮೆಯಿರುವ ವಿಮಾನ ಒಟ್ಟು ಬಿಲ್ಲಿನಲ್ಲಿ ದುಬಾರಿಯಾಗುವುದು ಬಹಳ ಸಾಮಾನ್ಯ. ಕಾರಣ, ಖಾಲಿ ವಿಮಾನ ನಿಮ್ಮ ಊರಿಗೆ ಬಂದು, ಕೆಲಸ ಮುಗಿದ ಮೇಲೆ ತನ್ನ ಊರಿಗೆ ಮರಳುವ ಹಾರಾಟಕ್ಕೂ ನೀವೇ ಹಣ ಕೊಡಬೇಕು. ಇದನ್ನು ಫೆರಿ ಎನ್ನುತ್ತಾರೆ. ಬೆಂಗಳೂರಿನಿಂದ ಬೆಳಗಾವಿಗೆ ಹೋಗಿ ಬರಲು ಮುಂಬೈಯಲ್ಲಿ ನಿಂತಿರುವ ಹಗುರ ಜೆಟ್ಟನ್ನು ತರಿಸಿದರೆ, ಬರಲು ಒಂದೂವರೆ ಗಂಟೆ, ಮರಳಲು ಒಂದೂವರೆ ಗಂಟೆ, ನಡುವೆ ನಿಮ್ಮ ಪ್ರಯಾಣ ಸುಮಾರು ಎರಡು ಗಂಟೆ. ಐದು ಗಂಟೆಯ ಬಿಲ್ಲಿನಲ್ಲಿ ನೀವು ಕುಳಿತದ್ದು ಎರಡೇ ಗಂಟೆ. ಬೆಂಗಳೂರಿನಲ್ಲೇ ನಿಂತಿರುವ ಕಿಂಗ್ ಏರ್ ಅದೇ ಕೆಲಸವನ್ನು ಎರಡೂವರೆ ಗಂಟೆಯ ಬಿಲ್ಲಿನಲ್ಲಿ ಮುಗಿಸುತ್ತದೆ. ಕೆಲವೊಮ್ಮೆ ಹತ್ತಿರ ನಿಂತಿರುವ ದೊಡ್ಡ ವಿಮಾನವೇ ದೂರದಿಂದ ಬರುವ ಸಣ್ಣದಕ್ಕಿಂತ ಅಗ್ಗವಾಗುತ್ತದೆ.

ಗಂಟೆಯ ದರದ ಹೊರಗೆ ಏನೇನು ಸೇರುತ್ತದೆ ಎಂದು ಬರವಣಿಗೆಯಲ್ಲಿ ಪಡೆಯಿರಿ. ದಿನಕ್ಕೆ ಇಷ್ಟು ಗಂಟೆಯ ಕನಿಷ್ಠ ಬಿಲ್ಲು, ಕಾಯುವ ಶುಲ್ಕ, ಇಳಿಯುವ ಮತ್ತು ನಿಲುಗಡೆಯ ಶುಲ್ಕ, ರಾತ್ರಿ ತಂಗಿದರೆ ಸಿಬ್ಬಂದಿಯ ವಸತಿ, ನಿಲ್ದಾಣದ ಸಮಯ ವಿಸ್ತರಣೆಯ ಶುಲ್ಕ, ಊಟೋಪಚಾರ, ಜಿಎಸ್‌ಟಿ, ರದ್ದತಿಯ ಷರತ್ತು, ಇವೆಲ್ಲ ಕಾಣಿಸಬೇಕು. ಎರಡು ಮೂರು ದಿನ ತಂಗುವ ಪ್ರಯಾಣವಾದರೆ ವಿಮಾನವನ್ನು ಕಾಯಿಸುವುದು ಅಗ್ಗವೋ, ಕಳುಹಿಸಿ ಮತ್ತೆ ಕರೆಸುವುದು ಅಗ್ಗವೋ ಎಂದು ಎರಡೂ ಲೆಕ್ಕಗಳನ್ನು ಕೇಳಿ.

ಪರವಾನಗಿ

ಭಾರತದಲ್ಲಿ ಹಣ ಪಡೆದು ಪ್ರಯಾಣಿಕರನ್ನು ಚಾರ್ಟರ್ ವಿಮಾನದಲ್ಲಿ ಒಯ್ಯಲು ಆಪರೇಟರ್ ಬಳಿ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ, ಅಂದರೆ ಡಿಜಿಸಿಎ ನೀಡುವ ನಿಗದಿತವಲ್ಲದ ಸೇವೆಯ ಪರವಾನಗಿ ಇರಬೇಕು. ವ್ಯವಹಾರದಲ್ಲಿ ಇದನ್ನು ಎನ್‌ಎಸ್‌ಒಪಿ ಎನ್ನುತ್ತಾರೆ. ಉದ್ಯಮಿಯೊಬ್ಬರು ಸ್ವಂತ ಬಳಕೆಗೆಂದು ಇಟ್ಟುಕೊಂಡ ವಿಮಾನವನ್ನು ಪರಿಚಯದವರ ಮೂಲಕ ಕಡಿಮೆ ದರಕ್ಕೆ ಕೊಡುತ್ತೇವೆ ಎಂದು ಹೇಳುವವರು ಬರುತ್ತಾರೆ. ಒಪ್ಪಬೇಡಿ. ಅದು ನಿಯಮಬಾಹಿರ ಎಂಬುದು ಒಂದು ಮಾತು. ಅಂತಹ ಹಾರಾಟದಲ್ಲಿ ಏನಾದರೂ ಆದರೆ ವಿಮೆಯ ಕಂಪನಿ ಪರಿಹಾರ ನಿರಾಕರಿಸಬಹುದು ಎಂಬುದು ಅದಕ್ಕಿಂತ ದೊಡ್ಡ ಮಾತು. ಪರವಾನಗಿ ಹೊಂದಿರುವವರ ಪಟ್ಟಿಯನ್ನು ಡಿಜಿಸಿಎ ಪ್ರಕಟಿಸುತ್ತದೆ. ಆಪರೇಟರ್ ಹೆಸರು ಅದರಲ್ಲಿದೆಯೇ ನೋಡಿ. ಬ್ರೋಕರ್ ಮೂಲಕ ಹೋಗುವುದಾದರೂ ವಿಮಾನ ಯಾವ ಆಪರೇಟರಿನದು ಎಂಬ ಹೆಸರು ಒಪ್ಪಂದದಲ್ಲಿರಲಿ. ಇಬ್ಬರು ಪೈಲಟ್‌ಗಳಿರುತ್ತಾರೆಯೇ, ಆ ವಿಮಾನ ನಿಲ್ದಾಣದಲ್ಲಿ ಅವರು ಹಿಂದೆ ಇಳಿದಿದ್ದಾರೆಯೇ ಎಂದು ಕೇಳುವುದು ನಿಮ್ಮ ಹಕ್ಕು. ಗುಡ್ಡದ ತಲೆಯನ್ನು ಸಮ ಮಾಡಿ ಕಟ್ಟಿದ ಮಂಗಳೂರಿನ ರನ್‌ವೇಯಲ್ಲಿ 2010ರ ಮೇ 22ರಂದು 158 ಜನ ಪ್ರಾಣ ಕಳೆದುಕೊಂಡದ್ದನ್ನು ಮರೆಯದ ನಾಡಿನವರಾದ ನಾವು ಈ ಪ್ರಶ್ನೆಯನ್ನು ಸಂಕೋಚವಿಲ್ಲದೆ ಕೇಳಬೇಕು.

ಭಾರತದಲ್ಲಿ ನೋಂದಣಿಯಾದ ಪ್ರತಿ ವಿಮಾನದ ಗುರುತು ‘ವಿಟಿ’ ಎಂಬ ಎರಡು ಅಕ್ಷರಗಳಿಂದ ಆರಂಭವಾಗಿ, ಅದರ ಮುಂದೆ ಇನ್ನೂ ಮೂರು ಅಕ್ಷರಗಳಿರುತ್ತವೆ. ನಿಮಗೆ ಕೊಡುವ ವಿಮಾನದ ಪೂರ್ತಿ ಗುರುತನ್ನು ದರಪಟ್ಟಿಯಲ್ಲೇ ಬರೆಸಿಕೊಳ್ಳಿ, ಅದು ಆಪರೇಟರಿನ ಪರವಾನಗಿಯಲ್ಲಿ ಸೇರಿದೆಯೇ ಎಂದು ಮೊದಲೇ ಪರಿಶೀಲಿಸಿ. ಹೊರಡುವ ದಿನ ವಿಮಾನದ ಬಳಿ ನಿಂತಾಗ, ಸಾಮಾನು ಏರಿಸುವ ಮೊದಲು, ಬಾಲದ ಬಳಿ ಬರೆದಿರುವ ಗುರುತನ್ನು ಕೈಯಲ್ಲಿರುವ ಕಾಗದದೊಂದಿಗೆ ಹೋಲಿಸಿ ನೋಡಿ. ಅಕ್ಷರಗಳು ಬೇರೆಯಾಗಿದ್ದರೆ, ಬಂದಿರುವ ವಿಮಾನ ಯಾವುದು, ಅದರ ಆಸನ, ತೂಕ, ರನ್‌ವೇಯ ಲೆಕ್ಕವನ್ನು ಹೊಸದಾಗಿ ಮಾಡಲಾಗಿದೆಯೇ ಎಂಬ ಉತ್ತರ ಕ್ಯಾಪ್ಟನ್ ಬಾಯಿಂದ ಸಿಗುವವರೆಗೆ ಮೆಟ್ಟಿಲು ಹತ್ತಬೇಡಿ.